ಸಾವು, ಸರ್ಕಾರ ಮತ್ತು ನಮ್ಮ ಸಂಸ್ಕಾರ: ನ್ಯೂಜೆರ್ಸಿಯಲ್ಲಿ ಅಂತ್ಯಕ್ರಿಯೆಯ ಕಥೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತದೆ ನಮ್ಮ ಗಾದೆ. ಮೂರನೆಯ ಕೆಲಸವೊಂದಿದೆ. ಅದನ್ನು ಮಾಡಿ ನೋಡು ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ಊರಿನಲ್ಲಿದ್ದಾಗ ಹೇಳುವ ಅಗತ್ಯವೂ ಇರಲಿಲ್ಲ. ಸಾವಿನ ಸುದ್ದಿ ಹಬ್ಬಿದ ಅರ್ಧ ಗಂಟೆಯಲ್ಲಿ ಬೀದಿಯ ಹಿರಿಯರೊಬ್ಬರು ಬಂದು ಎಲ್ಲವನ್ನೂ ವಹಿಸಿಕೊಳ್ಳುತ್ತಿದ್ದರು. ಬಿದಿರು ತರುವವರು, ಪುರೋಹಿತರಿಗೆ ಹೇಳಿ ಕಳಿಸುವವರು, ಸೌದೆಗೆ ಹೋಗುವವರು ತಾವಾಗಿಯೇ ಹೊರಡುತ್ತಿದ್ದರು. ಸತ್ತವರ ಮನೆಯವರಿಗೆ ಅಳುವುದೊಂದೇ ಕೆಲಸ.

1991ರ ಜನವರಿಯ ಒಂದು ರಾತ್ರಿ ಇಲ್ಲಿ ಆದದ್ದೇ ಬೇರೆ. ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ ನನ್ನ ಸ್ನೇಹಿತರ ತಂದೆ ಹೃದಯಾಘಾತದಿಂದ ಮನೆಯಲ್ಲೇ ತೀರಿಕೊಂಡರು. ಡಾಕ್ಟರನಲ್ಲವೇ, ಇವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಸ್ನೇಹಿತರು ಮೊದಲು ಫೋನ್ ಮಾಡಿದ್ದು ನನಗೆ. ನನಗೆ ಗೊತ್ತಿದ್ದದ್ದು ಮರಣ ಪತ್ರಕ್ಕೆ ಸಹಿ ಹಾಕುವುದು ಮಾತ್ರ. ಆಮೇಲೇನು ಎಂಬುದನ್ನು ಯಾವ ವೈದ್ಯಕೀಯ ಕಾಲೇಜೂ ಕಲಿಸಿರಲಿಲ್ಲ. ಪೊಲೀಸರು ಬಂದರು, ಪ್ರಶ್ನೆ ಕೇಳಿದರು. ಸ್ನೇಹಿತರ ತಾಯಿ, "ಬೆಳಗಾದ ಕೂಡಲೇ ತೆಗೆದುಕೊಂಡು ಹೋಗಬಹುದಲ್ಲವೇ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯಲ್ಲಿ ನಾರಣಪ್ಪನ ಶವ ಶಾಸ್ತ್ರದ ಉತ್ತರಕ್ಕಾಗಿ ಕಾಯುತ್ತದೆ. ನಮ್ಮಲ್ಲಿ ಅದು ಕಾಗದಪತ್ರಗಳಿಗಾಗಿ ಕಾಯಿತು. ಮೂರನೆಯ ದಿನ ಫ್ಯೂನರಲ್ ಹೋಮಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಂಡದ್ದು ಸೂಟು, ಟೈ, ಮುಖಕ್ಕೆ ಪೌಡರು, ತುಟಿಗೆ ಬಣ್ಣ. ದೇಹಕ್ಕೆ ಎಂಬಾಮಿಂಗ್ ಆಗಿತ್ತು. ಆ ತಾಯಿ ಒಂದು ಹೆಜ್ಜೆ ಹಿಂದೆ ಸರಿದು, "ಇವರು ನಮ್ಮ ಮನೆಯವರಲ್ಲ" ಎಂದರು.

ಅದೆಲ್ಲ ಅಮೆರಿಕದ ಕಾನೂನು, ನಾವೇನು ಮಾಡಲಾಗುತ್ತದೆ ಎಂದು ಅಂದು ನಾವೆಲ್ಲ ಸಮಾಧಾನ ಹೇಳಿಕೊಂಡೆವು. ನಿವೃತ್ತನಾದ ಮೇಲೆ ಸಮಯ ಸಿಕ್ಕಿತು. ಯಾವುದು ಕಾನೂನು, ಯಾವುದು ಬರೀ ವಾಡಿಕೆ, ಇವನ್ನೆಲ್ಲ ಯಾರು ಏಕೆ ಮಾಡಿದರು ಎಂದು ಓದತೊಡಗಿದೆ. ಹಾಗೆ ತಿಳಿದದ್ದರಲ್ಲಿ ನಮ್ಮ ಸದಸ್ಯ ಕುಟುಂಬಗಳಿಗೆ ಬೇಕಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ಅಮೆರಿಕದ ಮೊದಲ ಚಿತಾಗಾರ

ಅಮೆರಿಕದಲ್ಲಿ ಶವದಹನದ ಇತಿಹಾಸ ನಮಗಿಂತ ಬಹಳ ಹಿಂದಿನದು. ಆದರೂ ಅದರಲ್ಲಿ ಭಾರತದ ನೆರಳಿದೆ, ನ್ಯೂಜೆರ್ಸಿಯ ಮಗನೊಬ್ಬನ ಕೈಯೂ ಇದೆ. ಥಿಯಾಸಫಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರಾದ ಕರ್ನಲ್ ಹೆನ್ರಿ ಓಲ್ಕಾಟ್ ಹುಟ್ಟಿದ್ದು 1832ರಲ್ಲಿ, ಇಲ್ಲಿಯ ಆರೆಂಜ್ ಪಟ್ಟಣದಲ್ಲಿ. ಸೊಸೈಟಿಯ ಸದಸ್ಯ ಬ್ಯಾರನ್ ಡಿ ಪಾಮ್ 1876ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅವರ ದೇಹವನ್ನು ಸುಡಬೇಕೆಂದು ಓಲ್ಕಾಟ್ ನಿಶ್ಚಯಿಸಿದರು. ಆದರೆ ಇಡೀ ದೇಶದಲ್ಲಿ ಒಂದೂ ಚಿತಾಗಾರವಿರಲಿಲ್ಲ.

ಆಗ ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಡಾಕ್ಟರ್ ಫ್ರಾನ್ಸಿಸ್ ಜೂಲಿಯಸ್ ಲಮಾಯ್ನ್ ಎಂಬ ವೃದ್ಧ ವೈದ್ಯರು ತಮ್ಮ ಸ್ವಂತ ಜಮೀನಿನಲ್ಲಿ ಇಟ್ಟಿಗೆಯ ಚಿತಾಗಾರವೊಂದನ್ನು ಕಟ್ಟಿಸುತ್ತಿದ್ದರು. ಸ್ಮಶಾನಗಳಿಂದ ಅಂತರ್ಜಲ ಕೆಡುತ್ತದೆ ಎಂಬುದು ಅವರ ಚಿಂತೆ. ಅಲ್ಲಿ 1876ರ ಡಿಸೆಂಬರ್ 6ರಂದು ಡಿ ಪಾಮ್ ಅವರ ದಹನವಾಯಿತು. ಅಷ್ಟು ತಿಂಗಳು ದೇಹವನ್ನು ಕೆಡದಂತೆ ಇಡಬೇಕಾಯಿತು. ಪತ್ರಕರ್ತರು ದೂರದಿಂದ ಬಂದು ವರದಿ ಬರೆದರು. ಲಮಾಯ್ನ್ 1879ರಲ್ಲಿ ತೀರಿಕೊಂಡಾಗ ಅವರನ್ನೂ ಅಲ್ಲೇ ದಹಿಸಲಾಯಿತು. ಇಂಗ್ಲೆಂಡಿನಲ್ಲಿಯೂ ಈ ವಿಚಾರವನ್ನು ಎತ್ತಿದವರು ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯ ಸರ್ ಹೆನ್ರಿ ಥಾಂಪ್ಸನ್. ಹೀಗೆ ನಮಗೆ ಧರ್ಮವಾಗಿದ್ದ ಅಗ್ನಿಸಂಸ್ಕಾರ ಪಶ್ಚಿಮಕ್ಕೆ ಆರೋಗ್ಯಶಾಸ್ತ್ರವಾಗಿ ಬಂತು. ಇಲ್ಲಿಯ ಚಿತಾಗಾರ ದೇವಾಲಯದಂತೆ ಕಾಣದೆ ಯಂತ್ರಾಗಾರದಂತೆ ಕಾಣುವುದಕ್ಕೆ ಒಂದು ಕಾರಣ ಇದೇ ಇರಬೇಕು.

ನಮ್ಮ ರಾಜ್ಯಕ್ಕೆ ಸೇರಿದ ಇನ್ನೊಂದು ನೆನಪಿದೆ. ಮಹಾರಾಷ್ಟ್ರದ ಆನಂದಿಬಾಯಿ ಜೋಶಿ ವೈದ್ಯ ಓದಲು 1883ರಲ್ಲಿ ಬಂದಿಳಿದು ಮೊದಲು ತಂಗಿದ್ದು ನ್ಯೂಜೆರ್ಸಿಯ ರೋಸೆಲ್‌ನಲ್ಲಿ, ಥಿಯೋಡಿಸಿಯಾ ಕಾರ್ಪೆಂಟರ್ ಎಂಬಾಕೆಯ ಮನೆಯಲ್ಲಿ. ಪೆನ್ಸಿಲ್ವೇನಿಯಾದಲ್ಲಿ 1886ರಲ್ಲಿ ಪದವಿ ಪಡೆದು ಊರಿಗೆ ಮರಳಿದ ಅವರು ಮರುವರ್ಷ ಫೆಬ್ರವರಿಯಲ್ಲಿ, 22 ತುಂಬುವ ಮೊದಲೇ ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡರು. ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ಅದು ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ ಆ ಕುಟುಂಬದ ಸಮಾಧಿ ಸ್ಥಳದಲ್ಲಿದೆ. ನಾವು ಇಲ್ಲಿಂದ ಅಸ್ಥಿಯನ್ನು ಕಾವೇರಿಗೆ ಒಯ್ಯುತ್ತೇವೆ. ನೂರಮೂವತ್ತು ವರ್ಷಕ್ಕೂ ಹಿಂದೆ ಒಬ್ಬ ಡಾಕ್ಟರಮ್ಮನ ಅಸ್ಥಿ ಅಲ್ಲಿಂದ ಇಲ್ಲಿಗೆ ಬಂದಿತ್ತು.

ಪ್ಲೇಗು ಮತ್ತು ಮೈಸೂರು

ಸಾವಿನ ಮನೆಗೆ ಸರ್ಕಾರ ಕಾಲಿಡುವುದು ಅಮೆರಿಕದ ವಿಚಿತ್ರ ಎಂದು ನಾವು ತಿಳಿಯಬಾರದು. ಸರ್ಕಾರ ನಮ್ಮ ತಾತ ಮುತ್ತಾತಂದಿರ ಮನೆಗೂ ಬಂದಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಅಪಾರ ಅಧಿಕಾರ ಕೊಟ್ಟಿತು. ಅಂದು ಧಾರವಾಡ, ಹುಬ್ಬಳ್ಳಿಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಮನೆ ಮನೆ ತಪಾಸಣೆ, ಶವ ತಪಾಸಣೆ ನಡೆದವು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಪ್ಲೇಗು ಬಂತು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗು ಕಮಿಷನರರನ್ನಾಗಿ ನೇಮಿಸಿತು. ಕ್ರಮಗಳ ಮೇಲಿನ ಸಿಟ್ಟು ಎಷ್ಟಿತ್ತೆಂದರೆ ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಗಲಭೆಯಾಯಿತು. ಮನೆಯವರು ಸತ್ತರೆ ಮುಚ್ಚಿಡುವಷ್ಟು ಭಯ ಜನರಲ್ಲಿತ್ತು. ಹಿತ್ತಿಲಲ್ಲೇ ಹೂತವರ ಕಥೆಗಳನ್ನು ನನ್ನ ಅಜ್ಜಿಯೂ ಹೇಳುತ್ತಿದ್ದರು.

ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಬೆಳೆದದ್ದು ಆ ಪ್ಲೇಗಿನ ಕಾರಣದಿಂದ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದೇ ಕಾಲದಲ್ಲಿ ಸಾವನ್ನು ಸರ್ಕಾರಕ್ಕೆ ತಿಳಿಸಬೇಕು, ಕಾರಣ ಹೇಳಬೇಕು ಎಂಬ ಅಭ್ಯಾಸವೂ ಬೇರೂರಿತು ಎನ್ನುವುದನ್ನು ಮರೆಯುತ್ತೇವೆ. ಇಂದು ಭಾರತದಲ್ಲಿ 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನಗಳೊಳಗೆ ಮರಣವನ್ನು ತಿಳಿಸಬೇಕು. ಎರಡೂ ಕಡೆ ಹಿಂದಿರುವ ಭಯ ಒಂದೇ. ರೋಗವಿದ್ದರೆ ಹರಡೀತು, ಕೊಲೆಯಾಗಿದ್ದರೆ ಮುಚ್ಚಿಹೋದೀತು.

ಎರಡು ದೇಶ, ಎರಡು ದಾರಿ

ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಚೀನಾ ಉದಾಹರಣೆ. ಅಲ್ಲಿ ಹೂಳುವುದೇ ಸಂಪ್ರದಾಯ. ವೃದ್ಧರು ಬದುಕಿರುವಾಗಲೇ ಒಳ್ಳೆಯ ಮರದ ಶವಪೆಟ್ಟಿಗೆ ಮಾಡಿಸಿ ಮನೆಯಲ್ಲಿಟ್ಟುಕೊಳ್ಳುತ್ತಿದ್ದರು. ಭೂಮಿ ಮತ್ತು ಮರ ಉಳಿಸಬೇಕು, ದುಂದು ನಿಲ್ಲಬೇಕು ಎಂದು ಮಾವೊ ಮತ್ತು ಪಕ್ಷದ ನಾಯಕರು 1956ರ ಏಪ್ರಿಲ್‌ನಲ್ಲಿ ತಮ್ಮ ದೇಹಗಳನ್ನು ದಹಿಸಬೇಕೆಂಬ ಪ್ರಸ್ತಾವಕ್ಕೆ ಸಹಿ ಹಾಕಿದರು. 1985 ಮತ್ತು 1997ರ ನಿಯಮಗಳು ಜನನಿಬಿಡ ಪ್ರದೇಶಗಳಲ್ಲಿ ದಹನವನ್ನು ವಿಧಿಯಾಗಿಸಿದವು. ನಗರಗಳು ಬಹುಮಟ್ಟಿಗೆ ಒಪ್ಪಿಕೊಂಡವು, ಹಳ್ಳಿಗಳು ಒಪ್ಪಲಿಲ್ಲ. 2018ರಲ್ಲಿ ಜಿಯಾಂಗ್‌ಷಿ ಪ್ರಾಂತದಲ್ಲಿ ಅಧಿಕಾರಿಗಳು ವೃದ್ಧರ ಶವಪೆಟ್ಟಿಗೆಗಳನ್ನು ವಶಪಡಿಸಿಕೊಂಡು ಒಡೆದುಹಾಕಿದಾಗ ದೇಶದೊಳಗೇ ಆಕ್ರೋಶ ಎದ್ದಿತು. ಡೆಂಗ್ ಷಿಯಾವೊಪಿಂಗ್ ಅವರ ಭಸ್ಮ 1997ರಲ್ಲಿ ಸಮುದ್ರ ಸೇರಿತು. ಆದರೆ ಸಹಿ ಹಾಕಿದ ಮಾವೊ ಅವರ ದೇಹ ಮಾತ್ರ ಇಂದಿಗೂ ಬೀಜಿಂಗ್‌ನ ಗಾಜಿನ ಪೆಟ್ಟಿಗೆಯಲ್ಲಿದೆ.

ಬ್ರಿಟನ್ನಿನ ದಾರಿ ಬೇರೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಊರ ಹೊರಗಿನ ಗುಡ್ಡದ ಮೇಲೆ ಬಯಲು ಚಿತೆಯಲ್ಲೇ ದಹಿಸಲಾಯಿತು. ಅಲ್ಲಿ ಕಟ್ಟಿದ 'ಛತ್ರಿ' ಸ್ಮಾರಕ 1921ರಲ್ಲಿ ಅನಾವರಣಗೊಂಡಿತು. ಯುದ್ಧಕ್ಕೆ ಬೇಕಾದಾಗ ಸಿಕ್ಕ ಅನುಮತಿ ಶಾಂತಿಕಾಲದಲ್ಲಿ ಸಿಗಲಿಲ್ಲ. ನ್ಯೂಕ್ಯಾಸಲ್‌ನ ದವಿಂದರ್ ಘಾಯ್ ಎಂಬ ಹಿರಿಯರು ಚಿತೆಯ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದರು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಜಾಣತನದ ಉತ್ತರ ಕೊಟ್ಟಿತು. ಕಾನೂನು 'ಕಟ್ಟಡ' ಎನ್ನುತ್ತದೆ, ಆದರೆ ಕಟ್ಟಡಕ್ಕೆ ಪೂರ್ತಿ ಗೋಡೆ ಮತ್ತು ಮುಚ್ಚಿದ ಸೂರು ಇರಲೇಬೇಕೆಂದಿಲ್ಲ ಎಂದಿತು. ಅಮೆರಿಕದಲ್ಲಿ ಕೊಲೊರಾಡೊದ ಕ್ರೆಸ್ಟೋನ್ ಎಂಬ ಊರಿನಲ್ಲಿ ಬಯಲು ಚಿತೆಗೆ ಅವಕಾಶವಿದೆ, ಆದರೆ ಅದು ಆ ಸುತ್ತಿನ ನಿವಾಸಿಗಳಿಗೆ ಮಾತ್ರ.

ನ್ಯೂಜೆರ್ಸಿಯ ನಿಯಮಗಳು

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಮರಣವಾದ 24 ಗಂಟೆಗಳೊಳಗೆ ವೈದ್ಯರು ಕಾರಣವನ್ನು ದೃಢೀಕರಿಸಬೇಕು. 24 ಗಂಟೆ ಕಳೆಯುವ ಮೊದಲು ದಹನ ಮಾಡುವಂತಿಲ್ಲ. ಹೂತ ದೇಹವನ್ನು ಮತ್ತೆ ತೆಗೆದು ಪರೀಕ್ಷಿಸಬಹುದು, ಬೂದಿಯನ್ನು ಪರೀಕ್ಷಿಸಿ ಏನೂ ತಿಳಿಯಲಾಗದು. ಅದಕ್ಕೇ ಈ ಕಾಯುವಿಕೆ. ನಂತರ ಸ್ಥಳೀಯ ರಿಜಿಸ್ಟ್ರಾರರ ಪರವಾನಗಿ ಬೇಕು. ಕುಟುಂಬದವರು ತಾವೇ ದೇಹವನ್ನು ಒಯ್ಯುವಂತಿಲ್ಲ, ಪರವಾನಗಿ ಪಡೆದ ಫ್ಯೂನರಲ್ ಡೈರೆಕ್ಟರ್ ಇರಲೇಬೇಕು. ಈ ರಾಜ್ಯದಲ್ಲಿ ಫ್ಯೂನರಲ್ ಹೋಮ್ ನಡೆಸುವವರೇ ಸ್ಮಶಾನವನ್ನೂ ನಡೆಸಲು ಅವಕಾಶವಿಲ್ಲ. ಪೂಜೆ ಒಂದು ಕಟ್ಟಡದಲ್ಲಿ, ದಹನ ಇನ್ನೊಂದು ಊರಿನಲ್ಲಿ, ನಡುವೆ ಕಾರುಗಳ ಮೆರವಣಿಗೆ, ಇದಕ್ಕೆಲ್ಲ ಹಿನ್ನೆಲೆ ಅದೇ.

ಈ ಯಂತ್ರದಲ್ಲಿ ವೈದ್ಯನೂ ಒಂದು ಚಕ್ರ. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ಹಳೆಯ ರೋಗಿಯೊಬ್ಬರು ಒಂದು ಶುಕ್ರವಾರ ಸಂಜೆ ಮನೆಯಲ್ಲಿ ತೀರಿಕೊಂಡರು. ಸೋಮವಾರ ಸಹಿ ಮಾಡಿದರಾಯಿತು ಎಂದು ನಾನು ಕಡತವನ್ನು ಮೇಜಿನ ಮೇಲೆ ಬಿಟ್ಟು ಮಗಳ ಕಾಲೇಜಿಗೆ ಹೊರಟುಹೋದೆ. ಅವರ ಮಗ ಆ ಎರಡು ದಿನ ಊಟ ಮಾಡದೆ ಕಾದಿದ್ದ ಎಂದು ಆಮೇಲೆ ತಿಳಿಯಿತು. ಆತ ದೂರು ಹೇಳಲಿಲ್ಲ, ಇದೂ ಕಾನೂನಿರಬೇಕು ಎಂದುಕೊಂಡಿದ್ದ. ಅದು ಕಾನೂನಾಗಿರಲಿಲ್ಲ, ನನ್ನ ಉದಾಸೀನವಾಗಿತ್ತು.

ಕಾನೂನಲ್ಲದ್ದನ್ನು ಕಾನೂನೆಂದು ನಂಬುವುದೇ ನಮ್ಮ ದೊಡ್ಡ ನಷ್ಟ. ಎಂಬಾಮಿಂಗ್ ಸಾಮಾನ್ಯವಾಗಿ ಕಡ್ಡಾಯವಲ್ಲ. 48 ಗಂಟೆ ಮೀರಿದರೆ ದೇಹವನ್ನು ಶೀತಲ ಕೋಣೆಯಲ್ಲಿಟ್ಟರೆ ಸಾಕು. ಈ ದೇಶದ ಫೆಡರಲ್ ಟ್ರೇಡ್ ಕಮಿಷನ್ 1984ರಿಂದ ಜಾರಿಗೊಳಿಸಿರುವ ಫ್ಯೂನರಲ್ ನಿಯಮದಂತೆ, ಕಾನೂನು ಕೇಳದಿರುವಾಗ ಎಂಬಾಮಿಂಗ್ ಕಾನೂನು ಎಂದು ಹೇಳುವುದೇ ತಪ್ಪು. ಪ್ರತಿಯೊಂದು ಸೇವೆಯ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆದು ಕೊಡಬೇಕು. ನೇರ ದಹನಕ್ಕೆ ದುಬಾರಿ ಪೆಟ್ಟಿಗೆ ಬೇಕಿಲ್ಲ, ಸಾದಾ ರಟ್ಟಿನ ಅಥವಾ ಒರಟು ಮರದ ಪೆಟ್ಟಿಗೆ ಸಾಕು. ಎಂದರೆ 1991ರಲ್ಲಿ ಆ ತಾಯಿಯ ಕಣ್ಣಿಗೆ ತಮ್ಮ ಗಂಡ ಪರಕೀಯರಾಗಿ ಕಂಡದ್ದಕ್ಕೆ ಕಾರಣ ಸರ್ಕಾರವಲ್ಲ. ನಿಯಮ ಜಾರಿಗೆ ಬಂದು ಏಳು ವರ್ಷವಾಗಿತ್ತು. ನಾವು ಕೇಳಲಿಲ್ಲ.

ಇನ್ನೆರಡು ಮಾತು. ಪೇಸ್‌ಮೇಕರ್ ಇದ್ದರೆ ದಹನಕ್ಕೆ ಮೊದಲು ತೆಗೆಯಲೇಬೇಕು, ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. ಚಿತಾಭಸ್ಮವನ್ನು ಸಮುದ್ರದಲ್ಲಿ ಬಿಡುವುದಾದರೆ ದಡದಿಂದ 3 ನಾಟಿಕಲ್ ಮೈಲಿ ಆಚೆ ಹೋಗಬೇಕು, 30 ದಿನಗಳೊಳಗೆ ಪರಿಸರ ಸಂರಕ್ಷಣಾ ಸಂಸ್ಥೆಗೆ ತಿಳಿಸಬೇಕು. ಹೂವು ಬಿಡಬಹುದು, ಪ್ಲಾಸ್ಟಿಕ್ ಬಿಡಬಾರದು. ಊರಿಗೆ ಒಯ್ಯುವುದಾದರೆ ಎಕ್ಸ್‌ರೇ ಒಳಹೊಕ್ಕುವ ಮರದ ಅಥವಾ ಹಗುರ ಪ್ಲಾಸ್ಟಿಕ್ ಕರಂಡಕವಿರಲಿ. ದಪ್ಪ ಲೋಹದ ಕಳಶವನ್ನು ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ.

ಬದಲಾದದ್ದು, ಉಳಿದದ್ದು

ಊರಿನಲ್ಲಿ ಮೂರನೆಯ ದಿನ ಬೂದಿಯಲ್ಲಿ ಅಸ್ಥಿಯ ತುಂಡುಗಳನ್ನು ಒಂದೊಂದಾಗಿ ಆರಿಸುತ್ತಿದ್ದೆವು. ಇಲ್ಲಿ ಮೂಳೆಗಳನ್ನು ಯಂತ್ರದಲ್ಲಿ ಪುಡಿಮಾಡಿ ಕೊಡುತ್ತಾರೆ. ಎರಡು ಮೂರು ಕಿಲೋ ಬೂದುಬಣ್ಣದ ಪುಡಿ. ಅಸ್ಥಿ ಸಂಚಯನದ ಮಂತ್ರ ಉಳಿಯಿತು, ಆರಿಸುವ ಅಸ್ಥಿ ಉಳಿಯಲಿಲ್ಲ. ಕೊಳ್ಳಿ ಇಡುವ ಬದಲು ಗುಂಡಿ ಒತ್ತುವುದು ಬಂತು. ಹೊಗೆ ಕಂಡರೆ ಅಲಾರಂ ಕೂಗುವ ಕಟ್ಟಡದಲ್ಲಿ ಒಂದು ಚೂರು ಕರ್ಪೂರಕ್ಕೂ ಮೊದಲೇ ಕೇಳಬೇಕು. ಹನ್ನೊಂದು, ಹನ್ನೆರಡು, ಹದಿಮೂರನೆಯ ದಿನಗಳು ಶನಿವಾರ, ಭಾನುವಾರಗಳಿಗೆ ಸರಿದವು. ಲಿಂಗಾಯತ ಕುಟುಂಬಗಳ ಸಂಕಟ ಇನ್ನೊಂದು ಬಗೆ. ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಪದ್ಧತಿಗೆ ಇಲ್ಲಿಯ ಅಳತೆಯ ಗುಂಡಿ ಹೊಂದುವುದಿಲ್ಲ. ಕಾಂಕ್ರೀಟ್ ತೊಟ್ಟಿಯೂ ಸ್ಮಶಾನದವರ ನಿಯಮವೇ ಹೊರತು ರಾಜ್ಯದ ಕಾನೂನಲ್ಲ. ಕೆಲವರು ಮಲಗಿಸಿ ಹೂಳುವುದನ್ನು ಒಪ್ಪಿಕೊಂಡಿದ್ದಾರೆ, ಕೆಲವರು ದಹನವನ್ನು.

ಅಮೆರಿಕನ್ನರೂ ಬದಲಾದರು. ಕ್ಯಾಥೊಲಿಕ್ ಚರ್ಚ್ 1963ರಲ್ಲಿ ದಹನದ ಮೇಲಿನ ನಿಷೇಧ ಸಡಿಲಿಸಿತು. 1960ರಲ್ಲಿ ಇಲ್ಲಿ ಸತ್ತ ನೂರು ಜನರಲ್ಲಿ ನಾಲ್ವರನ್ನೂ ದಹಿಸುತ್ತಿರಲಿಲ್ಲ. 2016ರ ಹೊತ್ತಿಗೆ ಅದು ಅರ್ಧ ದಾಟಿತು. ಇಂದು ಮಧ್ಯ ಜೆರ್ಸಿಯ ಹಲವು ಫ್ಯೂನರಲ್ ಹೋಮ್‌ಗಳಿಗೆ ತುಳಸಿ, ಗಂಗಾಜಲ, ಬಾಯಿಗೆ ಅಕ್ಕಿಕಾಳು ಎಂದರೆ ವಿವರಿಸಬೇಕಿಲ್ಲ. ಅವರಿಗೆ ಇದನ್ನು ಕಲಿಸಿದವರು ಮೊದಲು ಸಂಕಟಪಟ್ಟ ನಮ್ಮಂಥ ಕುಟುಂಬಗಳೇ.

ಒಂದು ಬದಲಾವಣೆಯನ್ನು ನಾನು ನಷ್ಟವೆನ್ನಲಾರೆ. ನಮ್ಮ ತಾಯಂದಿರು ಸ್ಮಶಾನ ಕಂಡವರಲ್ಲ. ಇಲ್ಲಿ ಹೆಂಗಸರೂ ಚಿತಾಗಾರಕ್ಕೆ ಬರುತ್ತಾರೆ, ಹೆಣ್ಣುಮಕ್ಕಳು ಗುಂಡಿ ಒತ್ತುತ್ತಾರೆ. ಅಂತ್ಯಕ್ರಿಯೆಯನ್ನು ನಿರ್ಧರಿಸುವ ಹಕ್ಕು ಯಾರದು ಎಂದು ಕೇಳಿದರೆ ನ್ಯೂಜೆರ್ಸಿ ಕಾನೂನು ಹಿರಿಯ ಮಗನ ಹೆಸರು ಹೇಳುವುದಿಲ್ಲ. ವಿಲ್ಲಿನಲ್ಲಿ ನೇಮಿಸಿದವರು, ಇಲ್ಲವಾದರೆ ಗಂಡ ಅಥವಾ ಹೆಂಡತಿ, ಆಮೇಲೆ ವಯಸ್ಕ ಮಕ್ಕಳಲ್ಲಿ ಬಹುಮತ ಎನ್ನುತ್ತದೆ. ಮಗಳ ಮತಕ್ಕೂ ಮಗನ ಮತಕ್ಕೂ ತೂಕ ಒಂದೇ.

ಊರೂ ಹಳೆಯ ಊರಾಗಿ ಉಳಿದಿಲ್ಲ. ವಿಲ್ಸನ್ ಗಾರ್ಡನ್, ಬನಶಂಕರಿ, ಹೆಬ್ಬಾಳಗಳ ವಿದ್ಯುತ್ ಚಿತಾಗಾರಗಳು ಬೆಂಗಳೂರಿಗೆ ರೂಢಿಯಾಗಿ ಬಹಳ ಕಾಲವಾಯಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಅವುಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತವು. ತಾವರೆಕೆರೆಯ ಬಳಿ ಬಯಲಿನಲ್ಲಿ ಚಿತೆಗಳು ಉರಿದವು. ಸ್ವಂತ ಜಮೀನಿನಲ್ಲಿ ಸಂಸ್ಕಾರ ಮಾಡಲು ಸರ್ಕಾರ ಅನುಮತಿ ಕೊಟ್ಟಿತು. ನಮ್ಮಲ್ಲಿ ಎಷ್ಟೋ ಜನ ಸಮರ್‌ಸೆಟ್, ಎಡಿಸನ್‌ಗಳಲ್ಲಿ ಕುಳಿತು ಫೋನಿನ ಪರದೆಯಲ್ಲೇ ಹೆತ್ತವರಿಗೆ ಕೈಮುಗಿದೆವು. ಆ ಜೂನ್‌ನಲ್ಲಿ ಮಂಡ್ಯ ಜಿಲ್ಲೆಯ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಕಂದಾಯ ಸಚಿವರು ಯಾರೂ ಪಡೆಯಲು ಬಾರದ ನೂರಾರು ಜನರ ಅಸ್ಥಿಯನ್ನು ವಿಧಿಪೂರ್ವಕ ವಿಸರ್ಜಿಸಿದರು. ಪ್ಲೇಗಿನ ಕಾಲದಲ್ಲಿ ಶವವನ್ನು ತಪಾಸಣೆ ಮಾಡಲು ಬಂದಿದ್ದ ಸರ್ಕಾರ, ಈ ಸಲ ಮಗನ ಸ್ಥಾನದಲ್ಲಿ ನೀರಿಗಿಳಿಯಿತು.

ನಮ್ಮ ಕೈಲಿರುವುದು

ಸಮಯ, ಸ್ಥಳ, ಕಾಗದ, ಇವು ಸರ್ಕಾರದ್ದು. ಮಿಕ್ಕದ್ದು ನಮ್ಮದು. ಯಾವ ಬಟ್ಟೆ, ಯಾರ ಕೈ, ಯಾವ ಮಾತು, ಯಾವ ನೀರು ಎಂಬುದನ್ನು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಮೊದಲೇ ಹೇಳಿಡದಿದ್ದರೆ ಅದನ್ನು ಅವಸರದಲ್ಲಿ, ಅಪರಿಚಿತರು ನಿರ್ಧರಿಸುತ್ತಾರೆ. ನಮ್ಮ ಮಕ್ಕಳಿಗೆ ಬೀದಿಯ ಹಿರಿಯರಿಲ್ಲ. ಆ ಹಿರಿಯರ ಕೆಲಸವನ್ನು ಒಂದು ಹಾಳೆ ಮಾಡಬೇಕು. ವಿಲ್ಲಿನಲ್ಲಿ ಜವಾಬ್ದಾರರನ್ನು ಹೆಸರಿಸಿ. ಎಂಬಾಮಿಂಗ್ ಬೇಕೇ ಬೇಡವೇ, ದಹನವೇ ಸಮಾಧಿಯೇ, ಭಸ್ಮ ಎಲ್ಲಿಗೆ, ಮರಣೋತ್ತರ ಪರೀಕ್ಷೆಗೆ ಧಾರ್ಮಿಕ ಆಕ್ಷೇಪವಿದ್ದರೆ ಅದನ್ನೂ ಬರೆಯಿರಿ. ಈ ರಾಜ್ಯದ ಕಾನೂನು ಅಂಥ ಆಕ್ಷೇಪವನ್ನು ಪರಿಗಣಿಸುತ್ತದೆ. ಬರೆದದ್ದನ್ನು ಮಕ್ಕಳಿಗೆ ಓದಿ ಹೇಳಿ.

ನಾನು ಕಳೆದ ಚಳಿಗಾಲದಲ್ಲಿ ಬರೆದೆ. ಊಟದ ಮೇಜಿನ ಮೇಲೆ ಹಾಳೆ ಇಟ್ಟಾಗ ಮಗಳು ಎದ್ದುಹೋದಳು. ಅರ್ಧ ಗಂಟೆಯ ಬಳಿಕ ಬಂದು ಓದಿದಳು. "ಸೂಟು ಬೇಡ, ಪಂಚೆ ಸಾಕು. ಮುಖಕ್ಕೆ ಏನನ್ನೂ ಹಚ್ಚಬೇಡಿ" ಎಂಬ ಸಾಲಿನ ಮೇಲೆ ಬೆರಳಿಟ್ಟು ಇದೇಕೆ ಇಷ್ಟು ದೊಡ್ಡದಾಗಿ ಬರೆದಿದ್ದೀರಿ ಎಂದು ಕೇಳಿದಳು. ಆಗ ಅವಳಿಗೆ 1991ರ ಆ ತಾಯಿಯ ಕಥೆ ಹೇಳಿದೆ. ಭಸ್ಮದ ಮುಂದೆ ನಾನು ಏನೂ ಬರೆದಿರಲಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಎನ್ನಲೇ, ಮಕ್ಕಳಿಗೆ ಹತ್ತಿರವಾದ ಜೆರ್ಸಿಯ ಕಡಲು ಎನ್ನಲೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮಗಳು ಪೆನ್ನು ತೆಗೆದುಕೊಂಡು ಆ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಅದನ್ನು ನಾವಿಬ್ಬರೂ ಕೂತು ತುಂಬಿಸಬೇಕಿದೆ.